ಮೊದಲು ಎತ್ತು, ಆಮೇಲೆ ದೇವರು

ಪ್ರಿಯ ಗೆಳೆಯರೆ,

ಬಿ.ಜಿ. ಕೆರೆಯಿಂದ ಬರೆದ ನಿಮ್ಮ ಕಾಗದ ತಲುಪಿತು. ಶಿಲ್ಪ ಕಲಿಯುವ ಹಂಬಲ ಹತ್ತಿದೆ, ಯಾವ ಉಳಿ ಕೊಳ್ಳಲಿ, ಎಂಥ ಕಲ್ಲು ತರಿಸಲಿ, ಈ ವಯಸ್ಸಿಗೆ ಕೈ ಪಳಗೀತೇ ಎಂದು ಕೇಳಿದ್ದೀರಿ. ವಯಸ್ಸಿನ ಮಾತು ಬಿಡಿ. ಉಳಿಯನ್ನೂ ಸದ್ಯಕ್ಕೆ ಕೊಳ್ಳಬೇಡಿ.

ನಿಮ್ಮ ಸೀಮೆಯ ಬಂಡೆ ಹೊಸಬರಿಗೆ ಬಗ್ಗುವಂಥದ್ದಲ್ಲ. ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಕಾಲದಲ್ಲಿ ಕೊರೆದ ಶಾಸನ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಿಸಿಲು ಮಳೆಗೆ ಮೈಯೊಡ್ಡಿಕೊಂಡು ಬಿದ್ದಿದ್ದರೂ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರ ಕಣ್ಣಿಗೆ ಬಿದ್ದಾಗ ಓದಲು ಬರುವಂತಿತ್ತು. ಕಲ್ಲಿನ ಗಟ್ಟಿತನ ಅಂಥದ್ದು. ಬೇಲೂರು, ಹಳೇಬೀಡಿನ ನುರಿತ ಶಿಲ್ಪಿಗಳೇ ಬಳಪದ ಕಲ್ಲನ್ನು ಆರಿಸಿಕೊಂಡರು. ನೆಲದಿಂದ ತೆಗೆದಾಗ ಅದು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಅವರಿಗೇ ಮೆದು ಕಲ್ಲು ಬೇಕಾಗಿತ್ತೆಂದ ಮೇಲೆ ನಾವು ಇನ್ನೂ ಮೆದುವಾದದ್ದರಿಂದ ಶುರುಮಾಡಿದರೆ ಅವಮಾನವೇನಿಲ್ಲ.

ಮಣ್ಣಿನಿಂದ ಶುರುಮಾಡುವುದೂ ನಿಮ್ಮ ನೆಲದ್ದೇ ಪಾಠ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ತೀರ ಕೆಳಗಿನ ಪದರಗಳಲ್ಲಿ ಕಲ್ಲಿನ ಕೊಡಲಿಗಳ ಜೊತೆ ಮಡಕೆಯ ಚೂರುಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ತಿಗರಿಯ ಹಂಗಿಲ್ಲದೆ ಬರಿಗೈಯಲ್ಲಿ ಮಾಡಿದವು. ನೀವೂ ಕೆರೆಮಣ್ಣು ತನ್ನಿ. ಹೆಂಟೆ ಒಡೆದು, ನೀರಲ್ಲಿ ನೆನೆಹಾಕಿ, ಕಲ್ಲು ಬೇರು ಹೋಗುವಂತೆ ಬಟ್ಟೆಯಲ್ಲಿ ಸೋಸಿ. ತಿಳಿನೀರು ಚೆಲ್ಲಿ, ಉಳಿದದ್ದನ್ನು ರೊಟ್ಟಿ ಹಿಟ್ಟಿನಂತೆ ಚೆನ್ನಾಗಿ ನಾದಿ. ಹದ ನೋಡುವುದು ಸುಲಭ: ಕಿರುಬೆರಳಿನಷ್ಟು ದಪ್ಪ ಹೊಸೆದು ತೋರುಬೆರಳಿಗೆ ಸುತ್ತಿ. ಬಿರಿಯದಿದ್ದರೆ ಮಣ್ಣು ಸಿದ್ಧ. ಬಿರಿದರೆ ಜಿಗುಟು ಸಾಲದು, ಅಥವಾ ನೀರು ಸಾಲದು.

ಏನು ಮಾಡಬೇಕು? ಗಣಪತಿಯನ್ನಲ್ಲ, ಎತ್ತನ್ನು. ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳೂ ಎತ್ತು ಮಾಡುತ್ತಾರೆ. ಯಾರೂ ಅವರಿಗೆ ಶಿಲ್ಪಶಾಸ್ತ್ರ ಹೇಳಿಕೊಟ್ಟಿರುವುದಿಲ್ಲ, ದಿನಾ ನೋಡಿದ್ದು ಕೈಗೆ ಇಳಿದಿರುತ್ತದೆ. ನಿಮಗಂತೂ ಮಾದರಿಗೆ ಬರವಿಲ್ಲ. ನಿಮ್ಮ ನೆರೆಯ ಚಳ್ಳಕೆರೆ ಅಮೃತಮಹಲ್ ದನಗಳ ಕಾವಲಿನ ಸೀಮೆ. ದನ ಸಾಕುವ ಮ್ಯಾಸನಾಯಕರ ಹಟ್ಟಿಗಳಲ್ಲಿ ನೊಗ ಕಾಣದ ದೇವರ ಎತ್ತುಗಳಿವೆ. ಒಂದು ದಿನ ಅವನ್ನು ಕಾಯುವ ಕಿಲಾರಿಯವರನ್ನು ಕೇಳಿಕೊಂಡು ಹಿಂಡಿನ ಹತ್ತಿರ ಕೂತು ನೋಡಿ. ಹಿಣಿಲು ಎಲ್ಲಿ ಏಳುತ್ತದೆ, ಗಂಗೆದೊಗಲು ಎಲ್ಲಿಂದ ಇಳಿದು ಎಲ್ಲಿ ಮುಗಿಯುತ್ತದೆ, ಕೊಂಬು ನೆತ್ತಿಯಿಂದ ಹೊರಟು ಹೇಗೆ ಹಿಂದಕ್ಕೆ ಬಾಗಿ ಮತ್ತೆ ತುದಿ ಎತ್ತುತ್ತದೆ. ನಿಂತಾಗ ಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು ಮಾತ್ರ ಮರೆಯದೆ ಗಮನಿಸಿ.

ಮನೆಗೆ ಬಂದು ಮೊದಲು ಮೈಯ ಮುದ್ದೆ ಕಟ್ಟಿ, ಆಮೇಲೆ ಕುತ್ತಿಗೆ, ಕಾಲು. ಹಚ್ಚುವ ಕಡೆ ಎರಡೂ ಮುಖಗಳನ್ನು ಕಡ್ಡಿಯಿಂದ ಗೀರಿ, ಗಟ್ಟಿಯಾಗಿ ಕದಡಿದ ಮಣ್ಣುನೀರು ಸವರಿ ಒತ್ತಿ. ಇಲ್ಲದಿದ್ದರೆ ಒಣಗುವಾಗ ಕಾಲು ಕಳಚಿ ಬೀಳುತ್ತದೆ. ಎಲ್ಲರಿಗೂ ಮೊದಲು ಕಣ್ಣು ಕೊರೆಯುವ ಆತುರ. ತಡೆದುಕೊಳ್ಳಿ. ಹಲಗೆಯ ಮೇಲಿಟ್ಟು ಆಗಾಗ ಕಾಲು ಸುತ್ತು ತಿರುಗಿಸುತ್ತ ಕೆಲಸ ಮಾಡಿ. ಮುಂದಿನಿಂದ ಚೆಂದ ಕಂಡ ಎತ್ತು ಮಗ್ಗುಲಿನಿಂದ ಚಪ್ಪಟೆಯಾಗಿರುತ್ತದೆ, ಹಿಂದಿನಿಂದ ಬರೀ ಮುದ್ದೆ. ಚಿತ್ರ ಬರೆಯುವವನು ಒಂದು ಕಡೆ ನಿಂತು ನೋಡಿದರೆ ಸಾಕು, ಶಿಲ್ಪ ಮಾಡುವವನು ಸುತ್ತು ಬರಬೇಕು. ಕಲಿಯಬೇಕಾದ ಮೊದಲ ವಿದ್ಯೆ ಇದೊಂದೇ ಎಂದರೂ ತಪ್ಪಿಲ್ಲ. ಮೈ ನಾಲ್ಕೂ ಕಡೆಯಿಂದ ಕೂಡಿಬಂದ ಮೇಲೆ ಕಣ್ಣಿಗೆ ಎರಡು ಚುಕ್ಕಿ ಒತ್ತಿದರೂ ಎತ್ತು ನಿಮ್ಮನ್ನು ನೋಡುತ್ತದೆ.

ಒದ್ದೆ ಬಟ್ಟೆ ಹೊದಿಸಿ ನೆರಳಲ್ಲೇ ನಿಧಾನ ಒಣಗಿಸಿ. ನಿಮ್ಮೂರ ಬಿಸಿಲಿಗಿಟ್ಟರೆ ತೆಳ್ಳಗಿನ ಕಿವಿ, ಕೊಂಬು ಮೊದಲು ಕುಗ್ಗಿ ಬಿರುಕು ಬಿಡುತ್ತವೆ. ಸುಡುವ ಆಸೆಯಿದ್ದರೆ ಹೊಟ್ಟೆಯ ಮಣ್ಣನ್ನು ಕೆಳಗಿನಿಂದ ಕೆರೆದು ತೆಗೆದು ಟೊಳ್ಳು ಮಾಡಿ. ದಪ್ಪ ಮುದ್ದೆಯೊಳಗೆ ಉಳಿದ ತೇವ ಆವೆಯಲ್ಲಿ ಹಬೆಯಾಗಿ ಸಿಡಿಯುತ್ತದೆ, ಪಕ್ಕದ ಮಡಕೆಗಳನ್ನೂ ಒಡೆಯುತ್ತದೆ. ಕುಂಬಾರರ ಆವೆಯಲ್ಲಿ ಜಾಗ ಕೇಳುವ ಮುಂಚೆ ಈ ಎಚ್ಚರ ಇರಲಿ. ಸುಡದಿದ್ದರೂ ನಷ್ಟವಿಲ್ಲ. ಒಣಗಿದ್ದನ್ನು ಒಡೆದು ನೆನೆಹಾಕಿದರೆ ಮತ್ತೆ ಅದೇ ಮಣ್ಣು, ಮತ್ತೊಂದು ಎತ್ತು. ಕಲ್ಲಿನಲ್ಲಿ ಈ ಸೌಲಭ್ಯ ಇಲ್ಲ, ಹೋದ ಚಕ್ಕೆ ಹೋದ ಹಾಗೆಯೇ.

ಮಣ್ಣು ಕೈಗೆ ಹತ್ತಿದ ಮೇಲೆ ಕಲ್ಲಿಗೆ ಹೋಗಿ, ಆದರೆ ಒಬ್ಬರೇ ಹೋಗಬೇಡಿ. ಕಲ್ಲು ಕೆಲಸ ಗಂಡಸರದ್ದು ಎಂದು ನಂಬಿದ್ದ ಕಾಲದಲ್ಲಿ ಕನಕಾ ಮೂರ್ತಿಯವರು ದೇವಲಕುಂದ ವಾದಿರಾಜರ ಬಳಿ ಕಲಿತೇ ದೊಡ್ಡ ಶಿಲ್ಪಿಯಾದರು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು, ಒಮ್ಮೆ ಹೋಗಿ ನೋಡಿ ಬನ್ನಿ. ಕಾರ್ಕಳದ ಮಿಯ್ಯಾರಿನ ಸಿ.ಇ. ಕಾಮತ್ ಸಂಸ್ಥೆಯಂಥ ತರಬೇತಿ ಕೇಂದ್ರಗಳೂ ಇವೆ. ಅಲ್ಲಿ ಉಳಿ ಹಿಡಿಯುವ ಕೋನ, ಏಟಿನ ತೂಕ, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಎಲ್ಲ ಕಲಿಸುತ್ತಾರೆ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಎತ್ತು ಆದ ಮೇಲೆ ಒಂದು ಫೋಟೊ ಕಳಿಸಿ. ಮುಖದ್ದು ಬೇಡ, ಹಿಂದಿನಿಂದ ತೆಗೆದದ್ದು ಕಳಿಸಿ. ಬಾಲದ ಬುಡ, ಹಿಂಗಾಲಿನ ಮಡಿಕೆ ನೋಡಿ ನೀವು ಎಷ್ಟು ಸುತ್ತು ಬಂದಿರಿ ಎಂದು ಹೇಳುತ್ತೇನೆ.

ಇಂತಿ ನಿಮ್ಮ,
ಗೆಳೆಯ