ಏಳನೇ ಪಾಳಿ

ಪದವಿಯ ಎರಡನೇ ವರ್ಷದಲ್ಲಿ ಎನ್‌ಸಿಸಿ ನೌಕಾ ವಿಭಾಗದ ಕೆಡೆಟ್ ಆಗಿದ್ದಾಗ ಐದು ದಿನ ‘ಐಎನ್‌ಎಸ್ ತರಂಗಿಣಿ’ಯಲ್ಲಿ ಇರುವ ಅವಕಾಶ ನನಗೆ ಸಿಕ್ಕಿತ್ತು. ಕೊಚ್ಚಿಯಿಂದ ಹೊರಟು, ಅರಬ್ಬಿ ಸಮುದ್ರದಲ್ಲಿ ಸುತ್ತಿ, ಮತ್ತೆ ಕೊಚ್ಚಿಗೇ ಮರಳುವ ಸಣ್ಣ ಯಾನ ಅದು. ಬೋಧನಾಭ್ಯಾಸಕ್ಕೆ ಶಾಲೆಗೆ ಹೋಗತೊಡಗಿದ ಮೇಲೆ ಆ ದಿನಗಳು ಬೇರೆ ರೀತಿಯಲ್ಲಿ ನೆನಪಾಗುತ್ತಿವೆ. ಅಲ್ಲಿ ನಾನು ಕಲಿಯುವವರ ಸಾಲಿನಲ್ಲಿದ್ದೆ. ಕಲಿಸುವವರು ಏನು ಮಾಡುತ್ತಿದ್ದರು ಎಂಬುದು ಈಗ ಕಾಣಿಸುತ್ತಿದೆ.

ತರಂಗಿಣಿ ಮೂರು ಹಾಯಿಕಂಬಗಳ ಹಡಗು. ಗೋವಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ್ದು. 1997ರ ನವೆಂಬರ್ 11ರಂದು ನೌಕಾಪಡೆಗೆ ಸೇರಿತು. 54 ಮೀಟರ್ ಉದ್ದ, 20 ಹಾಯಿಗಳು. 2003–04ರಲ್ಲಿ ಪ್ರಪಂಚವನ್ನೇ ಸುತ್ತಿ ಬಂದಿದೆ. ಕ್ಷಿಪಣಿಗಳ ಕಾಲದಲ್ಲಿ ಹಾಯಿ ಹಡಗಿನ ತರಬೇತಿ ಏಕೆ ಎಂದು ನಮ್ಮಲ್ಲೂ ಕೆಲವರು ಕೇಳಿದ್ದರು. ಅದಕ್ಕೆ ಅಲ್ಲಿ ಯಾರೂ ಭಾಷಣ ಮಾಡಲಿಲ್ಲ. ಮೊದಲ ಬೆಳಗ್ಗೆಯೇ ಕೈಗೆ ಹಗ್ಗ ಕೊಟ್ಟರು.

ಹಗ್ಗಗಳ ವಿಷಯ ಹೇಳಲೇಬೇಕು. ಒಂದೊಂದು ಹಾಯಿಗೂ ಹಲವು ಹಗ್ಗ, ಒಂದೊಂದಕ್ಕೂ ಒಂದು ಹೆಸರು. ಹಡಗಿನ ಅಂಚಿನುದ್ದಕ್ಕೂ ಗೂಟಗಳ ಸಾಲು. ಒಂದು ಹಗ್ಗಕ್ಕೆ ಒಂದೇ ಗೂಟ, ಅದು ಎಂದೂ ಬದಲಾಗುವುದಿಲ್ಲ. ನಮ್ಮ ಪಾಳಿಯ ಪೆಟ್ಟಿ ಆಫೀಸರ್ ಹೆಸರುಗಳನ್ನು ಬಾಯಿಪಾಠ ಮಾಡಿಸಲಿಲ್ಲ. ಹಗಲಿನಲ್ಲಿ ಸಾಲಿನುದ್ದಕ್ಕೂ ಮೂರು ಸಲ ನಡೆಸಿದರು, ರಾತ್ರಿ ದೀಪವಿಲ್ಲದೆ ಅದೇ ಸಾಲಿನಲ್ಲಿ ನಡೆಸಿದರು. ಕತ್ತಲಲ್ಲಿ ಗೂಟಗಳನ್ನು ಕೈಯಿಂದ ಎಣಿಸುತ್ತಾ ಹೋಗಿ ಬೇಕಾದ ಹಗ್ಗ ಹಿಡಿಯಬೇಕು. ಅವರ ಹಿಂದಿ ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಅದರಿಂದ ತೊಂದರೆಯೇನೂ ಆಗಲಿಲ್ಲ. ಎರಡನೇ ರಾತ್ರಿಯ ಹೊತ್ತಿಗೆ ಕೈಗೆ ಗೊತ್ತಿತ್ತು. ಹೆಸರುಗಳು ಆಮೇಲೆ ತಾವಾಗಿಯೇ ಬಂದವು.

ಚುಕ್ಕಾಣಿಯ ಚಕ್ರದ ಬಳಿಯೂ ಹಾಗೆಯೇ. ಹಡಗು ಸೈಕಲ್ಲಿನಂತೆ ತಕ್ಷಣ ತಿರುಗುವುದಿಲ್ಲ. ಚಕ್ರ ತಿರುಗಿಸಿದ ಸ್ವಲ್ಪ ಹೊತ್ತಿನ ಮೇಲೆ ಮೂತಿ ಹೊರಳುತ್ತದೆ. ಹೊಸಬರು ತಾಳ್ಮೆಯಿಲ್ಲದೆ ಇನ್ನಷ್ಟು ತಿರುಗಿಸುತ್ತಾರೆ, ಹಡಗು ದಾರಿ ಮೀರಿ ಹೋಗುತ್ತದೆ, ಮತ್ತೆ ಆ ಕಡೆಗೆ ತಿರುಗಿಸುತ್ತಾರೆ. ಪೆಟ್ಟಿ ಆಫೀಸರ್ ಪಕ್ಕದಲ್ಲೇ, ಕೈಗೆ ಚಕ್ರ ಎಟುಕುವಷ್ಟು ಹತ್ತಿರ ನಿಂತಿರುತ್ತಿದ್ದರು, ಆದರೆ ಮುಟ್ಟುತ್ತಿರಲಿಲ್ಲ. ಒಮ್ಮೊಮ್ಮೆ ಹಿಂದಕ್ಕೆ ಬೆರಳು ತೋರಿಸುತ್ತಿದ್ದರು, ಅಷ್ಟೇ. ಹಿಂದೆ ನೋಡಿದರೆ ನೀರಿನ ಮೇಲೆ ನೊರೆಯ ಗೆರೆ. ಅದು ಹಾವಿನಂತೆ ಹರಿದಿದ್ದರೆ ಏನಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಸೂಕ್ಷ್ಮ ಬೋಧನೆಯಲ್ಲಿ ‘ಪುನರ್ಬಲನ ಕೌಶಲ’ ಅಭ್ಯಾಸ ಮಾಡುವಾಗ ನನಗೆ ಆ ಗೆರೆ ಮತ್ತೆ ಮತ್ತೆ ನೆನಪಾಯಿತು. ಆರು ನಿಮಿಷದಲ್ಲಿ ನಾವು ಎಷ್ಟು ಸಲ ‘ಶಹಬ್ಬಾಸ್’, ‘ಜಾಣ’ ಎಂದೆವೆಂದು ಸಹಪಾಠಿ ವೀಕ್ಷಕರು ಗೀಟು ಹಾಕಿ ಎಣಿಸುತ್ತಾರೆ. ಆ ಕೌಶಲ ಬೇಡವೆಂದು ನಾನು ಹೇಳುತ್ತಿಲ್ಲ. ಹೆದರಿ ಕುಳಿತ ಮಗುವಿಗೆ ಒಂದು ಒಳ್ಳೆಯ ಮಾತು ಬೇಕೇ ಬೇಕು. ಆದರೆ ಐದು ದಿನಗಳಲ್ಲಿ ಆ ಪೆಟ್ಟಿ ಆಫೀಸರ್ ಬಾಯಲ್ಲಿ ಒಂದೇ ಒಂದು ಶಹಬ್ಬಾಸ್ ನಾನು ಕೇಳಲಿಲ್ಲ, ನಮ್ಮಲ್ಲಿ ಯಾರಿಗೂ ಅದರ ಕೊರತೆ ಅನ್ನಿಸಲೂ ಇಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂಬುದು ಮಾಡಿದ ಕೆಲಸದಲ್ಲೇ ಕಾಣುತ್ತಿತ್ತು. ನಮ್ಮ ಪಾಠಗಳಲ್ಲಿ ಅಂಥ ಗೆರೆ ಎಲ್ಲಿದೆ? ಉತ್ತರ ಸರಿಯೇ ಎಂದು ತಿಳಿಯಲು ಮಗು ನಮ್ಮ ಮುಖ ನೋಡುತ್ತದೆ.

‘ಅನುಭವಾತ್ಮಕ ಕಲಿಕೆ’ ಎಂಬ ಶೀರ್ಷಿಕೆಯಡಿ ನಾವು ಡ್ಯೂಯಿ, ಕೋಲ್ಬ್ ಅವರ ಹೆಸರು ಬರೆಯುತ್ತೇವೆ. ಹಾಯಿ ಹಡಗನ್ನು ಶಿಕ್ಷಣದ ಚರ್ಚೆಗೆ ತಂದವರಲ್ಲಿ ಮುಖ್ಯರು ಕುರ್ಟ್ ಹಾನ್. ಹಿಟ್ಲರನನ್ನು ವಿರೋಧಿಸಿ 1933ರಲ್ಲಿ ಜರ್ಮನಿ ಬಿಟ್ಟ ಈ ಶಿಕ್ಷಕ ಸ್ಕಾಟ್ಲೆಂಡಿನಲ್ಲಿ ಗೋರ್ಡನ್‌ಸ್ಟೌನ್ ಶಾಲೆ ತೆರೆದರು. 1941ರಲ್ಲಿ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಜೊತೆ ಸೇರಿ ವೇಲ್ಸ್‌ನ ಅಬರ್‌ಡವಿಯಲ್ಲಿ ಯುವಕರಿಗೆ ಸಮುದ್ರ ತರಬೇತಿ ಆರಂಭಿಸಿದರು. ಯುದ್ಧದಲ್ಲಿ ಹಡಗು ಮುಳುಗಿದಾಗ ಗಟ್ಟಿಮುಟ್ಟಾದ ಯುವ ನಾವಿಕರಿಗಿಂತ ವಯಸ್ಸಾದವರೇ ಹೆಚ್ಚು ಬದುಕಿ ಬರುತ್ತಿದ್ದರೆಂಬ ಚಿಂತೆ ಅದರ ಹಿಂದಿತ್ತು ಎನ್ನುತ್ತಾರೆ. 1956ರಲ್ಲಿ ಇಂಗ್ಲೆಂಡಿನ ಟೋರ್‌ಬೇಯಿಂದ ಲಿಸ್ಬನ್‌ಗೆ ತರಬೇತಿ ಹಡಗುಗಳ ಮೊದಲ ಓಟ ನಡೆಯಿತು. ಇಂದೂ ಅಂಥ ಓಟಗಳಲ್ಲಿ ಹಡಗಿನಲ್ಲಿರುವವರ ಪೈಕಿ ಕನಿಷ್ಠ ಅರ್ಧದಷ್ಟು ಮಂದಿ 15ರಿಂದ 25ರ ವಯಸ್ಸಿನವರಾಗಿರಬೇಕು. ಅವರೆಲ್ಲ ನಾವಿಕರಾಗಲಿ ಎಂಬುದಲ್ಲ ಉದ್ದೇಶ.

ಇದನ್ನೆಲ್ಲ ಓದಿ ‘ಅಪಾಯವೇ ದೊಡ್ಡ ಗುರು’ ಎಂದು ಬರೆಯುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. 1957ರ ಸೆಪ್ಟೆಂಬರಿನಲ್ಲಿ ಜರ್ಮನಿಯ ತರಬೇತಿ ಹಡಗು ‘ಪಾಮೀರ್’ ಚಂಡಮಾರುತಕ್ಕೆ ಸಿಕ್ಕಿ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಒಳಗಿದ್ದ 86 ಮಂದಿಯಲ್ಲಿ ಉಳಿದವರು ಆರೇ ಜನ. ಸತ್ತವರಲ್ಲಿ ಹೆಚ್ಚಿನವರು ಕಲಿಯಲು ಬಂದ ಹುಡುಗರು. ತರಂಗಿಣಿಯಲ್ಲಿ ಸೊಂಟದ ಪಟ್ಟಿಯ ಕೊಕ್ಕೆ ಸಿಕ್ಕಿಸದೆ ಯಾರೂ ಕಂಬ ಹತ್ತುವಂತಿರಲಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಪೆಟ್ಟಿ ಆಫೀಸರ್ ಗದರುತ್ತಿದ್ದರು. ಹತ್ತಲೇಬೇಕೆಂಬ ಒತ್ತಾಯವಂತೂ ಇರಲಿಲ್ಲ. ನಮ್ಮೊಡನೆ ಬಾಗಲಕೋಟೆ ಕಡೆಯ ಹುಡುಗನೊಬ್ಬ ಇದ್ದ. ಅಲ್ಲಿಯವರೆಗೆ ಸಮುದ್ರವನ್ನೇ ನೋಡದವನು. ಎರಡು ದಿನ ವಾಂತಿ. ಅವನನ್ನು ಕೆಳಗೆ ಮಲಗಿಸುತ್ತಾರೆಂದುಕೊಂಡರೆ, ಕರೆದು ಚಕ್ರದ ಮುಂದೆ ನಿಲ್ಲಿಸಿದರು. ದೂರದ ದಿಗಂತ ನೋಡುತ್ತಾ ಕೆಲಸದಲ್ಲಿದ್ದರೆ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದಂತೆ. ಅವನ ಮುಖಕ್ಕೆ ಬಣ್ಣ ಬಂದದ್ದು ಅಲ್ಲಿಯೇ.

ಈಗ ಶಾಲೆಯ ವಿಷಯ. ನನಗೆ ಹಂಚಿಕೆಯಾಗಿದ್ದ ಪ್ರೌಢಶಾಲೆಯ 8ನೇ ತರಗತಿಯಲ್ಲಿ 54 ಮಕ್ಕಳು. ಹಡಗಿಗೂ ಈ ತರಗತಿಗೂ ಹೋಲಿಕೆ ಬಹಳ ದೂರ ಹೋಗುವುದಿಲ್ಲ. ಅಲ್ಲಿದ್ದವರು ತಾವಾಗಿ ಬಯಸಿ ಬಂದವರು, ಸಂಖ್ಯೆಯೂ ಕಡಿಮೆ, ಗಂಟೆ ಬಾರಿಸಿ ಅವಧಿ ಮುಗಿಸುವವರಿಲ್ಲ. ಆದರೂ ಭಾಜ್ಯತೆಯ ಪಾಠಕ್ಕೆ ಹಡಗಿನಿಂದ ಒಂದು ಲೆಕ್ಕ ತಂದೆ.

ಹಡಗಿನಲ್ಲಿ ನಮ್ಮನ್ನು ಮೂರು ತಂಡ ಮಾಡಿದ್ದರು. ಒಂದು ಪಾಳಿ ನಾಲ್ಕು ಗಂಟೆ. ಮಕ್ಕಳಿಗೆ ಇಷ್ಟೇ ಹೇಳಿ, ಐದು ದಿನಗಳ ಪಾಳಿಪಟ್ಟಿ ಬರೆಯಿರಿ ಎಂದೆ. ಎರಡನೇ ದಿನ ಬರೆಯುವಷ್ಟರಲ್ಲೇ ಗದ್ದಲ ಶುರುವಾಯಿತು. “ಸರ್, ಮೊದಲ್ನೇ ತಂಡಕ್ಕೆ ದಿನಾ ಮಧ್ಯರಾತ್ರಿನೇ ಬರುತ್ತೆ!” ದಿನಕ್ಕೆ ಆರು ಪಾಳಿ, ತಂಡ ಮೂರು, ಆರನ್ನು ಮೂರು ನಿಶ್ಶೇಷವಾಗಿ ಭಾಗಿಸುತ್ತದೆ, ಹಾಗಾಗಿ ಪಟ್ಟಿ ಅಲ್ಲೇ ಸುತ್ತುತ್ತದೆ. ಭಾಜ್ಯತೆ ಎಂದರೆ ಇಲ್ಲಿ ಅನ್ಯಾಯ. ಸರಿಪಡಿಸಿ ಎಂದು ಹೇಳಿ ಸುಮ್ಮನೆ ನಿಂತೆ. ಕಪ್ಪುಹಲಗೆಯ ಪಕ್ಕ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟವೆಂದು ಪ್ರಶಿಕ್ಷಣಾರ್ಥಿಗಳಿಗೆ ಹೇಳಬೇಕಿಲ್ಲ.

ನಾವಿಕರ ಉಪಾಯ ನನಗೆ ಗೊತ್ತಿತ್ತು. ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಎರಡೆರಡು ಗಂಟೆಯ ಎರಡು ತುಂಡು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಅವಕ್ಕೆ ಡಾಗ್ ವಾಚ್ ಎಂದು ಹೆಸರು. ಆಗ ದಿನಕ್ಕೆ ಏಳು ಪಾಳಿ. ಏಳನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಆ ಶೇಷವೇ ತಂಡಗಳನ್ನು ದಿನದಿನಕ್ಕೆ ಮುಂದೆ ತಳ್ಳುತ್ತದೆ. ಆದರೆ ಮೊದಲು ಕೈಯೆತ್ತಿದ ಹುಡುಗಿ ಹೇಳಿದ್ದು ಬೇರೆ: “ಪಾಳಿನ ಐದು ಗಂಟೆ ಮಾಡಿದ್ರೆ?” ಇದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಬರೆದು ನೋಡಿ ಎಂದೆ. ಬರೆದರು. ಅದೂ ಸುತ್ತುತ್ತದೆ! 5 ಮತ್ತು 24ರ ಲ.ಸಾ.ಅ. 120, ಅಂದರೆ ಐದು ದಿನಗಳ ನಂತರ ಮತ್ತೆ ಮೊದಲಿಗೆ ಬರುತ್ತದೆ. ಆಮೇಲೆ ಇನ್ನೊಬ್ಬ, ಹಾಗಾದರೆ ಪಾಳಿ ಬದಲಾಗುವ ಹೊತ್ತೇ ದಿನಾ ಬೇರೆಯಾಗುತ್ತದಲ್ಲ, ಊಟ ಯಾವಾಗ ಎಂದು ಕೇಳಿದ. ತುಂಡು ಮಾಡುವ ಉಪಾಯ ಹುಟ್ಟಿದ್ದು ಆ ಊಟದ ಚರ್ಚೆಯಿಂದ, ಹಿಂದಿನ ಬೆಂಚಿನಲ್ಲಿ. ಅಷ್ಟರಲ್ಲಿ ಗಂಟೆ ಹೊಡೆಯಿತು.

ನನ್ನ ಅವಲೋಕನ ಪುಸ್ತಕದಲ್ಲಿ ಮೇಲ್ವಿಚಾರಕರು ಬರೆದದ್ದು: ಚಟುವಟಿಕೆ ಚೆನ್ನಾಗಿದೆ, ಮೌಲ್ಯಮಾಪನ ಹಂತಕ್ಕೆ ಸಮಯ ಉಳಿಯಲಿಲ್ಲ. ಪಾಠಯೋಜನೆಯ ಕಾಲಂ ಪ್ರಕಾರ ಆ ಮಾತು ಸರಿ. ಪಾಠಾನಂತರದ ಚರ್ಚೆಯಲ್ಲಿ ನಾನು ಕೇಳಿದ್ದು ಇಷ್ಟೇ: ಐದು ಗಂಟೆಯ ಪಾಳಿ ಸುತ್ತುತ್ತದೆಂದು ಆ ಹುಡುಗಿ ನನ್ನನ್ನು ಕೇಳದೆ ತಾನೇ ಪಟ್ಟಿ ಬರೆದು ಕಂಡುಕೊಂಡದ್ದನ್ನು ಯಾವ ಕಾಲಂನಲ್ಲಿ ಬರೆಯಬೇಕು? ಚರ್ಚೆ ಬಹಳ ಹೊತ್ತು ನಡೆಯಿತು. ಎಲ್ಲರೂ ಒಪ್ಪಲಿಲ್ಲ.

ಮಾರನೆಯ ದಿನ ನಾನು ಒಳಗೆ ಹೋಗುವ ಮೊದಲೇ ಮಕ್ಕಳು ಗೋಡೆಯ ಮೇಲಿನ ಚಾರ್ಟಿನ ಮುಂದೆ ಗುಂಪುಗೂಡಿದ್ದರು. ಅದು ತರಗತಿ ಗುಡಿಸುವ ಪಾಳಿಪಟ್ಟಿ: ಹಾಜರಿ ಸಂಖ್ಯೆಯ ಪ್ರಕಾರ ಮೂರು ಗುಂಪು, ಶಾಲೆ ನಡೆಯುವುದು ವಾರಕ್ಕೆ ಆರು ದಿನ. “ಸೋಮವಾರ ಯಾವಾಗ್ಲೂ ನಮಗೇ ಸರ್,” ಎಂದ ಮೊದಲ ಗುಂಪಿನ ಹುಡುಗ. ಭಾನುವಾರ ಊರ ಹುಡುಗರೆಲ್ಲ ಶಾಲೆಯ ಜಗಲಿಯಲ್ಲೇ ಇರುತ್ತಾರೆ. ಸೋಮವಾರದ ಕಸವೇ ಬೇರೆ. ಜೂನ್‌ನಿಂದ ಆ ಚಾರ್ಟು ಅಲ್ಲೇ ಇತ್ತು. ಅವರು ತರಗತಿ ಶಿಕ್ಷಕಿಯನ್ನು ತಾವೇ ಹೋಗಿ ಕೇಳಿದರು. ಸೋಮವಾರವನ್ನು ಬೆಳಗ್ಗೆ, ಸಂಜೆ ಎಂದು ಎರಡು ತುಂಡು ಮಾಡಿ ಏಳು ಪಾಳಿಯ ಹೊಸ ಪಟ್ಟಿ ಬರೆದರು.

ನನ್ನ ಬೋಧನಾಭ್ಯಾಸ ಮುಗಿಯುವ ಹೊತ್ತಿಗೆ ಹೊಸ ಪಟ್ಟಿಯ ಎರಡು ಸೋಮವಾರಗಳು ಕಳೆದಿದ್ದವು. ಎರಡನೆಯ ಸೋಮವಾರ ಬೆಳಗ್ಗೆ ಪೊರಕೆ ಹಿಡಿದಿದ್ದವರು ಎರಡನೇ ಗುಂಪಿನವರು. ಮೊದಲ ಗುಂಪಿನವರು ಜಗಲಿಯ ಮೇಲೆ ಕುಳಿತು ನೋಡುತ್ತಿದ್ದರು.