ಕಟೌಟ್ ಕಟ್ಟಿದ ಕೈ

ನಮ್ಮ ಕ್ಲಾಸಿನಲ್ಲಿ ಎರಡು ಪಾರ್ಟಿ ಇರುವುದು ನಿಮಗೆಲ್ಲ ಗೊತ್ತೇ ಇದೆ. ಒಂದು ಹೀರೋನ ಪಾರ್ಟಿ ಕಿಟಕಿ ಕಡೆ ಬೆಂಚು, ಇನ್ನೊಂದು ಹೀರೋನ ಪಾರ್ಟಿ ಬಾಗಿಲ ಕಡೆ ಬೆಂಚು. ಹೀರೋಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಹಾಳೆ ಸಾಯಂಕಾಲದವರೆಗೂ ಗೋಡೆಯ ಮೇಲೆ ಉಳಿಯುವುದಿಲ್ಲ.

ನಾನು ಕಿಟಕಿ ಕಡೆಯವನು. ಒಂದನೇ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕೂರುತ್ತಿದ್ದ ನನ್ನ ಗೆಳೆಯ ಬಾಗಿಲ ಕಡೆಯವನು. ಹೋದ ದೀಪಾವಳಿ ಹೊತ್ತಿಗೆ ಅವನ ನೋಟ್ ಬುಕ್ಕಿನ ರಟ್ಟಿಗೆ ಅಂಟಿಸಿದ್ದ ಹೀರೋ ಫೋಟೋಗೆ ನಾನು ಪೆನ್ನಿನಲ್ಲಿ ಕೊಂಬು ಬರೆದೆ. ಅವನು ನನ್ನ ಟಿಫನ್ ಬಾಕ್ಸನ್ನು ಮೋರಿಗೆ ಎಸೆದ. ಅವತ್ತಿಂದ ಇಬ್ಬರಿಗೂ ಮಾತಿಲ್ಲ.

ಇದು ಹೀಗಿರುವಾಗ ಬೇಸಿಗೆ ರಜೆಯಲ್ಲಿ ದೊಡ್ಡಪ್ಪ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಅಕ್ಕನ ಮದುವೆಗೆ ಚಿಕ್ಕಪೇಟೆಯಲ್ಲಿ ಸೀರೆ ತರುವುದಿತ್ತು. ಕಿರುಗಾವಲಿನಿಂದ ಮಳವಳ್ಳಿ, ಮದ್ದೂರಿನ ಮೇಲೆ ಹೋದೆವು. ಸೀರೆ ತೆಗೆದುಕೊಂಡ ಮೇಲೆ, ಮೆಜೆಸ್ಟಿಕ್ಕಿಗೆ ನಡೆದೇ ಹೋಗೋಣ, ಒಂದು ಜಾಗ ತೋರಿಸುತ್ತೇನೆ ಅಂದರು. ಆ ಜಾಗವೇ ಕೆ.ಜಿ. ರಸ್ತೆ, ಅಂದರೆ ಕೆಂಪೇಗೌಡ ರಸ್ತೆ.

ಮೆಜೆಸ್ಟಿಕ್ ಅಂದರೆ ಬಸ್ ಸ್ಟ್ಯಾಂಡಿನ ಹೆಸರು ಅಂತಲೇ ನಾನು ತಿಳಿದಿದ್ದೆ. ಅದು ಒಂದು ಟಾಕೀಸಿನ ಹೆಸರು! ಟಾಕೀಸು ಹೋಯಿತು, ಹೆಸರು ಉಳಿಯಿತು. ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ. ಪಕ್ಕದ ಗಾಂಧಿನಗರದಲ್ಲಿ ಸಿನಿಮಾ ಹಂಚುವವರ ಆಫೀಸುಗಳು ಸೇರಿಕೊಂಡವು. ಅದಕ್ಕೇ ಪತ್ರಿಕೆಯಲ್ಲಿ ಗಾಂಧಿನಗರ ಅಂತ ಬರೆದರೆ ಕನ್ನಡ ಚಿತ್ರರಂಗ ಅಂತ ಅರ್ಥ.

ದೊಡ್ಡಪ್ಪ ರಸ್ತೆಯಲ್ಲಿ ನಿಂತು ಕೈ ತೋರಿಸುತ್ತಾ ಹೋದರು. "ಅಗೋ ಅಲ್ಲಿ ಸಾಗರ್ ಇತ್ತು ಕಣ್ಲಾ ಮಗ. ಆ ಕಡೆ ಹಿಮಾಲಯ. ಇನ್ನೊಂದ್ ಕಡೆ ಗೀತಾ, ಅಲಂಕಾರ್, ಕಲ್ಪನಾ. ಎಲ್ಲಾ ಹೋದೊ." ನನಗೆ ಕಂಡದ್ದು ಬಟ್ಟೆ ಅಂಗಡಿ, ಒಡವೆ ಅಂಗಡಿ, ಮೊಬೈಲ್ ಅಂಗಡಿಗಳು. 1968ರಲ್ಲಿ ಶುರುವಾದ ಕಪಾಲಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂತು ಸಿನಿಮಾ ನೋಡುತ್ತಿದ್ದರಂತೆ. ಅದನ್ನೂ ಕೆಡವಿ ದೊಡ್ಡ ಕಟ್ಟಡ ಎಬ್ಬಿಸಿದ್ದಾರೆ. ಇದೇ ರಸ್ತೆಯ ಸ್ಟೇಟ್ಸ್ ಟಾಕೀಸಿನಲ್ಲಿ 1972ರ 'ಬಂಗಾರದ ಮನುಷ್ಯ' ಎರಡು ವರ್ಷ ಓಡಿತು. ಹಳ್ಳಿಯಲ್ಲಿ ಬೇಸಾಯ ಮಾಡುವವನ ಕತೆಯನ್ನು ಪೇಟೆಯ ಜನ ಎರಡು ವರ್ಷ ನೋಡಿದರು ಎಂದು ಕೇಳಿ ನನಗೆ ಆಶ್ಚರ್ಯವಾಯಿತು.

ಆಮೇಲೆ ಒಂದು ಕಡೆ ನಿಂತು ದೊಡ್ಡಪ್ಪ ತಮ್ಮ ಎಡಗೈ ತೋರಿಸಿದರು. ಆ ಕೈ ಮೊಣಕೈ ಹತ್ತಿರ ಸೊಟ್ಟಗಿದೆ. ಚಿಕ್ಕಂದಿನಲ್ಲಿ ಎತ್ತಿನ ಗಾಡಿಯಿಂದ ಬಿದ್ದದ್ದು ಅಂತ ನಾವು ಮಕ್ಕಳೆಲ್ಲ ನಂಬಿದ್ದೆವು. ಅದು ಸುಳ್ಳು.

ದೊಡ್ಡಪ್ಪ ವಯಸ್ಸಿನಲ್ಲಿ ಆರು ವರ್ಷ ಇದೇ ರಸ್ತೆಯಲ್ಲಿ ಕಟೌಟ್ ಕಟ್ಟುವ ಕೆಲಸ ಮಾಡಿದ್ದರು. ಆಗ ಫ್ಲೆಕ್ಸ್ ಇರಲಿಲ್ಲ. ಸಣ್ಣ ಫೋಟೋ ಮೇಲೆ ಚೌಕ ಚೌಕ ಗೆರೆ ಎಳೆದು, ಅದೇ ಲೆಕ್ಕದಲ್ಲಿ ದೊಡ್ಡ ಹಲಗೆಗಳ ಮೇಲೆ ಕಲಾವಿದರು ಬಣ್ಣದಲ್ಲಿ ಬರೆಯುತ್ತಿದ್ದರು. ಕಣ್ಣು ಒಂದು ಹಲಗೆ, ಮೀಸೆ ಒಂದು ಹಲಗೆ. ಅವನ್ನು ಲಾರಿಯಲ್ಲಿ ತಂದು, ರಾತ್ರಿ ರಸ್ತೆ ಖಾಲಿಯಾದ ಮೇಲೆ ಸರ್ವೆ ಕಂಬ ನಿಲ್ಲಿಸಿ, ಹಗ್ಗದಲ್ಲಿ ಕಟ್ಟಬೇಕು. ಶುಕ್ರವಾರ ಬೆಳಿಗ್ಗೆ ಜನ ಬರುವ ಹೊತ್ತಿಗೆ ಹೀರೋ ಟಾಕೀಸಿಗಿಂತ ಎತ್ತರಕ್ಕೆ ನಿಂತಿರಬೇಕು. ಆಮೇಲೆ ಹಾರ, ಪಟಾಕಿ, ಹಾಲಿನ ಅಭಿಷೇಕ.

ಒಂದು ರಾತ್ರಿ ಮಳೆ ಹನಿಯುತ್ತಿತ್ತು. ಹೀರೋನ ಭುಜದ ಹಲಗೆ ಕಟ್ಟುವಾಗ ಕಾಲು ಜಾರಿ ದೊಡ್ಡಪ್ಪ ಕೆಳಗೆ ಬಿದ್ದರು. ಯಾವ ಟಾಕೀಸು, ಯಾವ ಸಿನಿಮಾ ಅಂತ ನಾನು ಕೇಳಿದೆ, ಅವರು ಹೇಳಲಿಲ್ಲ. "ಆ ಪಿಚ್ಚರ್ ನೂರ್ ದಿನ ಓಡ್ತು. ನಾನು ನೂರ್ ದಿನ ಊರಲ್ಲಿ ಜಗಲಿ ಮ್ಯಾಲೆ ಮಲಗಿದ್ದೆ. ಯಾರೂ ಬರ್ನಿಲ್ಲ. ಬರೋದಿಕ್ಕೆ ಹೀರೋಗೆ ನಾನು ಯಾರು ಅಂತ ಗೊತ್ತಾ? ಅವನ ತಪ್ಪಿಲ್ಲ ಬುಡು" ಅಂದರು.

ನಾನು ಮೆಲ್ಲಗೆ, "ದೊಡ್ಡಪ್ಪ, ನೀವು ಯಾವ ಪಾರ್ಟಿ?" ಎಂದು ಕೇಳಿದೆ. ಅವರು ಜೋರಾಗಿ ನಕ್ಕುಬಿಟ್ಟರು. "ನಾನು ಎಲ್ಲಾರ್ನೂ ಕಟ್ಟಿವ್ನಿ ಕಣ್ಲಾ. ಹಗ್ಗಕ್ಕೆ ಪಾರ್ಟಿ ಇರಕಿಲ್ಲ."

ಬಸ್ಸಿನಲ್ಲಿ ಬರುವಾಗ ಇನ್ನೊಂದು ಮಾತು ಹೇಳಿದರು. ನಮ್ಮ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಮತ್ತು ವಿಷ್ಣುವರ್ಧನ್ ಇಬ್ಬರೂ 1972ರ 'ನಾಗರಹಾವು' ಚಿತ್ರದಲ್ಲಿದ್ದರು. ಅದರಲ್ಲಿ ಒಬ್ಬರು ನಾಯಕ, ಒಬ್ಬರು ಪುಂಡ. 2001ರಲ್ಲಿ 'ದಿಗ್ಗಜರು' ಚಿತ್ರದಲ್ಲಿ ಗೆಳೆಯರಾಗಿಯೇ ನಟಿಸಿದರು. 2009ರಲ್ಲಿ ವಿಷ್ಣುವರ್ಧನ್ ತೀರಿಕೊಳ್ಳುವ ತನಕ ನಿಜವಾಗಿಯೂ ಗೆಳೆಯರಾಗಿದ್ದರು. 2018ರಲ್ಲಿ ಅಂಬರೀಶ್ ತೀರಿಕೊಂಡಾಗ ಅವರ ದೇಹವನ್ನು ಮಂಡ್ಯಕ್ಕೆ ತಂದಿದ್ದರು, ದೊಡ್ಡಪ್ಪ ಜನರ ಮಧ್ಯೆ ನಿಂತು ನೋಡಿ ಬಂದಿದ್ದರು. "ಅವರಿಬ್ರೂ ದೋಸ್ತಿಗಳಾಗೇ ಇದ್ರು. ಕಿತ್ತಾಡದೋರು ಕೆಳಗ್ ನಿಂತೋರು" ಅಂದರು. ನಾನು ಕಿಟಕಿ ಕಡೆ ತಿರುಗಿ ಕೂತೆ.

ಈಗ ನಾನು ಬರೆಯಲೇಬೇಕಾದ ವಿಷಯಕ್ಕೆ ಬರುತ್ತೇನೆ. ಗಣೇಶನ ಹಬ್ಬಕ್ಕೆ ಇಪ್ಪತ್ತು ಅಡಿ ಕಟೌಟ್ ನಿಲ್ಲಿಸಬೇಕು ಎಂದು ನಮ್ಮ ಪಾರ್ಟಿಯವರು ಚಂದಾ ಎತ್ತುತ್ತಿದ್ದೇವೆ. ನಾನೂ ನೂರು ರೂಪಾಯಿ ಬರೆಸಿದ್ದೇನೆ. ನಾವು ನೋಡಿರುವ ಜಾಗದ ಮೇಲೆಯೇ ಕರೆಂಟು ತಂತಿ ಹಾದುಹೋಗಿದೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ ನಟ ಯಶ್ ಅವರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ಕರೆಂಟು ಹೊಡೆದು ಮೂವರು ಯುವಕರು ಸತ್ತರು. ಯಶ್ ಅವರೇ ಆ ಮನೆಗಳಿಗೆ ಹೋಗಿ ಬಂದರು. ಹೀರೋ ಮನೆ ಬಾಗಿಲಿಗೆ ಬಂದರೂ ಹೋದ ಮಗ ಬರುವುದಿಲ್ಲ.

ಹಾಲಿನ ಅಭಿಷೇಕವನ್ನೂ ಮಾಡುವುದೆಂದು ಮಾತಾಗಿದೆ. ನಮ್ಮವ್ವ ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕುತ್ತಾಳೆ. ಡಿಗ್ರಿ ಕಡಿಮೆ ಬಂದರೆ ಅವತ್ತೆಲ್ಲ ಸಪ್ಪಗಿರುತ್ತಾಳೆ. ಆ ಹಾಲನ್ನು ಹಲಗೆ ಮೇಲೆ ಹೇಗೆ ಸುರಿಯಲಿ? ಅವಳ ಮುಂದೆ ಹೇಳುವುದಕ್ಕೇ ನನಗೆ ಬಾಯಿ ಬರಲಿಲ್ಲ.

ಆದ್ದರಿಂದ ಕಿಟಕಿ ಕಡೆಯ ಗೆಳೆಯರೇ, ನನ್ನ ನೂರು ರೂಪಾಯಿಯನ್ನು ಪಟ್ಟಿಯಿಂದ ಹೊಡೆದು ಹಾಕಿ. ನನಗೆ ಹೀರೋ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಅವರ ಸಿನಿಮಾ ಬಂದರೆ ಮೊದಲ ದಿನವೇ ಹೋಗುತ್ತೇನೆ, ಸಿಳ್ಳೆಯನ್ನೂ ಹೊಡೆಯುತ್ತೇನೆ. ಕಟೌಟ್ ಮಾತ್ರ ಬೇಡ. ಬೇಕೇ ಬೇಕು ಅನ್ನುವವರು ಒಂದು ಸಲ ನಮ್ಮ ಮನೆಗೆ ಬಂದು ದೊಡ್ಡಪ್ಪನ ಕೈ ನೋಡಿ ಹೋಗಿ.

ಬಾಗಿಲ ಕಡೆಯ ನನ್ನ ಗೆಳೆಯ ಗೋಡೆ ಪತ್ರಿಕೆಯನ್ನು ತಪ್ಪದೆ ಓದುತ್ತಾನೆ ಎಂದು ನನಗೆ ಗೊತ್ತು. ಅವನಿಗೆ ಒಂದು ಮಾತು. ಕೊಂಬು ಬರೆದದ್ದು ನನ್ನ ತಪ್ಪು. ಟಿಫನ್ ಬಾಕ್ಸ್ ಅವತ್ತೇ ಸಿಕ್ಕಿತು, ಮುಚ್ಚಳ ಮಾತ್ರ ಸ್ವಲ್ಪ ಸೊಟ್ಟಗಾಗಿದೆ. ನಾಳೆ ಅವ್ವ ಚಿತ್ರಾನ್ನ ಮಾಡುತ್ತಾಳೆ. ನಡುವಿನ ಬೆಂಚು ಖಾಲಿ ಇದೆ, ಅಲ್ಲಿ ಕೂತಿರುತ್ತೇನೆ.