ಬಿಸಿ ಸಾಗಿಸುವ ಸುಖ

ಗ್ರೈಂಡರು ಕರೆಂಟು ತಿಂದು ಹಿಟ್ಟು ರುಬ್ಬುತ್ತದೆ, ಪಂಪ್‌ಸೆಟ್ಟು ಕರೆಂಟು ತಿಂದು ನೀರೆತ್ತುತ್ತದೆ. ಕಂಪ್ಯೂಟರಿನ ಪ್ರೊಸೆಸರು ಮಾತ್ರ ತಿಂದಷ್ಟನ್ನೂ ಬಿಸಿ ಮಾಡಿ ಹೊರಗೆ ಬಿಡುತ್ತದೆ. ಲೆಕ್ಕಪತ್ರ, ಸಿನಿಮಾ, ಈ ಪ್ರಬಂಧ, ಎಲ್ಲವೂ ನಡುದಾರಿಯ ಸಂಗತಿಗಳು. 65 ವಾಟ್ ಒಳಗೆ ಹೋದರೆ 65 ವಾಟೂ ಶಾಖವಾಗಿ ಈಚೆಗೆ ಬರಬೇಕು. ನನ್ನ ಬರಹದಿಂದ ಲೋಕಕ್ಕೆ ಬೆಳಕಾಗದಿದ್ದರೂ ಕೋಣೆಯಂತೂ ಬೆಚ್ಚಗಾಗುತ್ತದೆ ಎಂಬ ಸಮಾಧಾನವನ್ನು ಭೌತಶಾಸ್ತ್ರ ನನಗೆ ಕೊಟ್ಟಿದೆ.

ಈ ಬಿಸಿಯನ್ನು ಎರಡು ಬೆರಳಗಲದ ಲೋಹದ ಮುಚ್ಚಳದಿಂದ ಎತ್ತಿ ಗಾಳಿಗೆ ಒಪ್ಪಿಸುವುದು ಸಿಪಿಯು ಕೂಲರಿನ ಕೆಲಸ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯ ಹುಡುಗರು ಅದನ್ನು ಕಾಫಿ ಆರುವುದರೊಳಗೆ ಕೂರಿಸಿಕೊಡುತ್ತಾರೆ. ನಾನು ಅವರ ಕೈಗೆ ಕೊಡುವುದಿಲ್ಲ. ಅಷ್ಟು ಬೇಗ ಮುಗಿದುಹೋದರೆ ಭಾನುವಾರವನ್ನು ಏನು ಮಾಡುವುದು?

ಸುಖವೆಲ್ಲ ಥರ್ಮಲ್ ಪೇಸ್ಟಿನಲ್ಲಿದೆ. ಪುಟ್ಟ ಸಿರಿಂಜಿನಿಂದ ಇಳಿಯುವ ಅದು ಒದ್ದೆ ವಿಭೂತಿಯಂತೆ ಬೂದುಬಣ್ಣದ್ದು. ಪ್ರೊಸೆಸರಿನ ಮುಚ್ಚಳವೂ ಕೂಲರಿನ ತಳವೂ ಕಣ್ಣಿಗೆ ಎಷ್ಟೇ ನಯವಾಗಿ ಕಂಡರೂ ಹತ್ತಿರದಿಂದ ನೋಡಿದರೆ ಬರೀ ಗುಡ್ಡ, ಹಳ್ಳ. ಒಂದರ ಮೇಲೊಂದು ಇಟ್ಟರೆ ಹಳ್ಳಗಳಲ್ಲಿ ಗಾಳಿ ಉಳಿದುಬಿಡುತ್ತದೆ. ಬಿಸಿ ದಾಟಿಸುವುದರಲ್ಲಿ ಗಾಳಿ ತಾಮ್ರಕ್ಕಿಂತ ಸುಮಾರು 15,000 ಪಟ್ಟು ಸೋಮಾರಿ. ಪೇಸ್ಟು ಆ ಹಳ್ಳಗಳನ್ನು ತುಂಬುತ್ತದೆ. ಹಾಗೆಂದು ಅದೇನು ಮಹಾ ಚುರುಕಲ್ಲ, ತಾಮ್ರದ ಮುಂದೆ ಅದೂ ಮಂದವೇ. ಆದ್ದರಿಂದ ಇರಬೇಕು, ಆದರೆ ಇದ್ದೂ ಇಲ್ಲದಂತಿರಬೇಕು. ನಡುವಿಗೆ ಬಟಾಣಿಯಷ್ಟು ಸಾಕು ಎನ್ನುವ ಬಟಾಣಿಪಂಥದವರಿಗೂ, ಅಡ್ಡಡ್ಡ ಎರಡು ಗೆರೆ ಎಳೆಯಬೇಕೆನ್ನುವ ಗೆರೆಪಂಥದವರಿಗೂ ನಡೆಯುವ ವಾದ ಮುಗಿಯುವಂಥದ್ದಲ್ಲ. ನಾನು ಬಟಾಣಿಯವನು, ಕಾರಣ ಕೇಳಬೇಡಿ, ಪಂಥಕ್ಕೆ ಕಾರಣ ಇರುವುದಿಲ್ಲ.

ಆಮೇಲೆ ತಿರುಪುಶಾಸ್ತ್ರ. ನಾಲ್ಕು ಸ್ಕ್ರೂಗಳಿದ್ದರೆ ಒಂದನ್ನೇ ಕೊನೆಯವರೆಗೆ ಬಿಗಿಯಬಾರದು. ಈ ಮೂಲೆಗೊಂದು ಸುತ್ತು, ಎದುರು ಮೂಲೆಗೊಂದು ಸುತ್ತು, ಮತ್ತೆ ಆ ಮೂಲೆ, ಅದರ ಎದುರು. ಒತ್ತಡ ಎಲ್ಲ ಕಡೆಯೂ ಸಮನಾಗಿ ಇಳಿದು, ಕೆಳಗೆ ಪೇಸ್ಟು ತಾನಾಗಿ ಹರಡಿಕೊಳ್ಳುತ್ತದೆ. ಹರಡಿದ್ದು ನಮಗೆ ಕಾಣುವುದಿಲ್ಲ, ನಂಬಿಕೊಳ್ಳಬೇಕು.

ಹಿಂದೆ ಈ ಗೋಜೇ ಇರಲಿಲ್ಲ. 1989ರಲ್ಲಿ ಬಂದ ಇಂಟೆಲ್ 486 ಮೊದಮೊದಲು ಫ್ಯಾನಿಲ್ಲದೆ ಬರಿದಲೆಯಲ್ಲೇ ಬದುಕಿತು. 1993ರ ಪೆಂಟಿಯಂ ಕಾಲಕ್ಕೆ ತಲೆಯ ಮೇಲೊಂದು ಫ್ಯಾನು ಮಾಮೂಲಾಯಿತು. 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸಿನ ಪೆಂಟಿಯಂ 4 ತರುವ ಆಸೆಯನ್ನೇ ಕೈಬಿಟ್ಟಿತು. ವೇಗಕ್ಕೆ ಬಿಸಿಯೇ ಅಡ್ಡಗಾಲಾಗಿತ್ತು.

ಕೂಲರಿನಲ್ಲಿ ನನಗೆ ಬಹಳ ಇಷ್ಟವಾಗುವುದು ಮಾತ್ರ ಫ್ಯಾನಲ್ಲ, ಅದರ ಹಿಂದೆ ಬಾಗಿ ನಿಂತ ತಾಮ್ರದ ಕೊಳವೆಗಳು. ಒಳಗೆ ಗಾಳಿ ತೆಗೆದು ಹನಿಯಷ್ಟು ನೀರು ಇಟ್ಟಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ಆ ನೀರು 100 ಡಿಗ್ರಿಗೆ ಕಾಯದೆ ಬೇಗನೇ ಆವಿಯಾಗಿ ಮೇಲಕ್ಕೆ ಹೋಗುತ್ತದೆ, ಅಲ್ಲಿ ಬಿಸಿಯನ್ನು ಅಲ್ಯೂಮಿನಿಯಂ ರೆಕ್ಕೆಗಳಿಗೆ ಕೊಟ್ಟು ಮತ್ತೆ ನೀರಾಗುತ್ತದೆ, ಕೊಳವೆಯ ಒಳಮೈಯ ಸಣ್ಣ ರಂಧ್ರಗಳಲ್ಲಿ ಜಿನುಗಿ ಕೆಳಕ್ಕೆ ಮರಳುತ್ತದೆ. ಪಂಪಿಲ್ಲ, ಮೋಟರಿಲ್ಲ, ಸದ್ದಿಲ್ಲ. ಅಮೆರಿಕದ ಲಾಸ್ ಅಲಾಮೋಸಿನಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಇಂಥ ಕೊಳವೆಯನ್ನು ರೂಪಿಸಿದ್ದು ಬಾಹ್ಯಾಕಾಶದ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅದೀಗ ನನ್ನ ಮೇಜಿನ ಕೆಳಗೆ, ನನ್ನ ಕಾಗುಣಿತದ ತಪ್ಪುಗಳ ಬಿಸಿಯನ್ನು ಹೊರುತ್ತಿದೆ.

ಫ್ಯಾನಿನ ಬಗ್ಗೆಯೂ ಒಂದು ಮಾತು. ಕಾಮನಬಿಲ್ಲಿನ ದೀಪ ಹೊತ್ತು ಮೆರೆಯುವ ಫ್ಯಾನುಗಳ ನಡುವೆ ಆಸ್ಟ್ರಿಯಾದ ನೋಕ್ಟುವಾ ಕಂಪನಿ ಕಂದು, ಕೆನೆ ಬಣ್ಣದ ಫ್ಯಾನುಗಳನ್ನು ಮಾರುತ್ತದೆ. ನೋಡಲು ಚೆನ್ನಾಗಿಲ್ಲ ಎನ್ನುವವರು ಬಹಳ. ನನಗೆ ಚೆನ್ನಾಗಿದೆ. ಅದರ ಎನ್‌ಎಚ್-ಡಿ15 ಎಂಬ ಜೋಡಿಗೋಪುರದ ಕೂಲರು ಫ್ಯಾನುಗಳೂ ಸೇರಿ 1.3 ಕಿಲೋ ತೂಗುತ್ತದೆ. ಚೂರು ಸಿಲಿಕಾನಿನ ಸೇವೆಗೆ ಇಷ್ಟು ಲೋಹ!

ಇಷ್ಟಾದರೂ ಕೂಲರಿಗೆ ಅದರದೇ ಮಿತಿಯುಂಟು. ಕೋಣೆಯ ಗಾಳಿಗಿಂತ ತಂಪನ್ನು ಅದು ಕೊಡಲಾರದು. ಕಲಬುರಗಿಯ ಬೇಸಿಗೆಯಲ್ಲಿ ಹೊರಗೂ ಒಳಗೂ 42 ಡಿಗ್ರಿ ಇದ್ದರೆ, ಯಾವ ಫ್ಯಾನೂ ಪ್ರೊಸೆಸರನ್ನು ಅದಕ್ಕಿಂತ ಕೆಳಗಿಳಿಸಲಾರದು. ತೀರಾ ಕಾದು 100 ಡಿಗ್ರಿಯ ಆಸುಪಾಸಿಗೆ ಬಂದಾಗ ಪ್ರೊಸೆಸರು ತಾನೇ ಕೆಲಸ ನಿಧಾನ ಮಾಡಿಕೊಳ್ಳುತ್ತದೆ. ಮಧ್ಯಾಹ್ನದ ನಿದ್ದೆಯ ಪಕ್ಷದವನಾದ ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ನೀವೂ ಒಂದು ಭಾನುವಾರ ಹೀಗೆ ಕಳೆಯುವುದಾದರೆ ಕಳೆಯಿರಿ, ಅವಸರವಿಲ್ಲ. ಕೂಲರನ್ನು ಕೂರಿಸುವ ಮೊದಲು ಅದರ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತುಬಿಡಿ, ಅಷ್ಟೇ.